ಬೂದಿಯಲ್ಲಿಟ್ಟ ಮದುವೆ

ನನ್ನ ಗಂಡ ನನ್ನ ಹೆಸರು ಬಾಯಿಬಿಟ್ಟು ಹೇಳಿದ್ದು ಒಂದೇ ಸಲ. ಅದೂ ತಾವಾಗಿ ಹೇಳಿದ್ದಲ್ಲ, ಬಾಗಿಲಿಗೆ ಅಡ್ಡ ನಿಂತ ಅವರ ಅಕ್ಕಂದಿರು ಬಿಡಲಿಲ್ಲವೆಂದು ಹೇಳಿದ್ದು. ಯೆಣೆಗೂರಿನಲ್ಲಿ ನನ್ನ ತವರಿನ ಅಂಗಳದಲ್ಲಿ ಮದುವೆ ಮುಗಿಸಿಕೊಂಡು, ನಿಲಂಗಾದ ಈ ಮನೆಯ ಮುಂದೆ ಬಂದಿಳಿದ ಸಂಜೆ ಅದು. ಮದುಮಕ್ಕಳು ಒಳಗೆ ಕಾಲಿಡಬೇಕಾದರೆ ಒಬ್ಬರ ಹೆಸರನ್ನು ಒಬ್ಬರು ಒಡಪಿನಲ್ಲಿ, ಅಂದರೆ ಎರಡು ಸಾಲಿನ ಹಾಡಿನಂಥ ಮಾತಿನಲ್ಲಿ, ಸೇರಿಸಿ ಹೇಳಬೇಕು. ನಮ್ಮ ಮರಾಠಿ ನೆರೆಯವರು ಇದಕ್ಕೆ ಉಖಾಣಾ ಅನ್ನುತ್ತಾರೆ. ಹೇಳದಿದ್ದರೆ ಬಾಗಿಲು ಬಿಡುವುದಿಲ್ಲ. ನಾನು ಹೇಳಿದೆ, ಅವರು ಹೇಳಿದರು, ಬಾಗಿಲು ಬಿಟ್ಟರು. ಮರುದಿನದಿಂದ ಅವರು ನನಗೆ ‘ರೀ’ ಆದರು, ನಾನು ಅವರಿಗೆ ‘ಏ’ ಆದೆ.

ನಮ್ಮ ಕಡೆ ಇದರಲ್ಲಿ ವಿಶೇಷವೇನಿಲ್ಲ. ಅತ್ತೆಗೆ ನಾನು ಬಂದ ದಿನದಿಂದ ಯೆಣೆಗೂರಾಕಿ. ತವರಿನ ಊರೇ ಸೊಸೆಯ ಹೆಸರು. ನಮ್ಮ ಬಟ್ಟೆಯಂಗಡಿಗೆ ಬರುವವರಿಗೆ ನಾನು ವಹಿನಿ, ಅಂದರೆ ಅತ್ತಿಗೆ; ಮಗಳಿಗೆ ಅವ್ವ. ಹೆಸರಿಟ್ಟ ತಂದೆ ತಾಯಿ ಇರುವಷ್ಟು ದಿನ ತವರಿಗೆ ಹೋದಾಗ ಅದು ಕಿವಿಗೆ ಬೀಳುತ್ತಿತ್ತು, ಅವರೂ ಹೋದರು. ಈಗ ಆ ಹೆಸರು ಬ್ಯಾಂಕಿನವರನ್ನು ಬಿಟ್ಟರೆ ಯಾರಿಗೂ ಬೇಕಾಗಿಲ್ಲ, ಅವರೂ ಅದನ್ನು ತಪ್ಪಾಗಿ ಕೂಗುತ್ತಾರೆ. ಇದೆಲ್ಲ ನನಗೆ ಎಂದೂ ಕೊರತೆ ಅನ್ನಿಸಿರಲಿಲ್ಲ. ಅನ್ನಿಸಿದ್ದು ನನ್ನ ಗಂಡ ಹೋದ ಮೇಲೆ.

ಹೋದ ವರ್ಷ ಅವರು ಲಿಂಗೈಕ್ಯರಾದರು. ಬೆಳಿಗ್ಗೆ ಅಂಗಡಿಯಲ್ಲಿ ಬಟ್ಟೆಯ ಥಾನು ಬಿಚ್ಚಿ ಯಾರಿಗೋ ತೋರಿಸುತ್ತಿದ್ದವರು ಹಾಗೆಯೇ ಗಾದಿಗೆ ಒರಗಿದರು. ದವಾಖಾನೆಗೆ ಒಯ್ಯುವಷ್ಟು ಪುರುಸೊತ್ತೂ ಕೊಡಲಿಲ್ಲ. ಜೀವಮಾನವಿಡೀ ಯಾವುದಕ್ಕೂ ಅವಸರ ಮಾಡದ ಮನುಷ್ಯ, ಇದೊಂದಕ್ಕೆ ಮಾಡಿದರು. ನನಗೆ ಅವರ ಮೇಲೆ ಸಿಟ್ಟು ಇನ್ನೂ ಇಳಿದಿಲ್ಲ.

ಅವರ ದನಿ ನನ್ನ ಹತ್ತಿರ ಇಲ್ಲವೆಂದಲ್ಲ. ಅಂಗಡಿಯಿಂದ ಕಳಿಸುತ್ತಿದ್ದ ದನಿ ಸಂದೇಶಗಳು ಫೋನಿನಲ್ಲಿ ಬೇಕಾದಷ್ಟಿವೆ. ‘ಏ, ನಳ ಬಂದಾದೇನ ನೋಡು.’ ‘ಏ, ಪಾಪ್ಲಿನ್ ಥಾನ ಕೆಳಗಿನ ಕಪಾಟಿನ್ಯಾಗ ಅದ, ಕಳಸು.’ ‘ಏ, ಊಟಕ್ಕ ತಡಾ ಆಗ್ತದ, ಅವ್ವನ್ನ ಉಣ್ಣಸು.’ ಅಡುಗೆ ಮಾಡುತ್ತ ಅವನ್ನೆಲ್ಲ ಹಚ್ಚಿಟ್ಟು ಕೇಳಿದ್ದೇನೆ. ಮುಗಿದು ಹೋದ ನೀರು, ಮಾರಿ ಹೋದ ಬಟ್ಟೆ, ಆರಿ ಹೋದ ಊಟ. ಒಂದರಲ್ಲೂ ನನ್ನ ಹೆಸರಿಲ್ಲ. ಅವರ ಬಾಯಲ್ಲಿ ನನ್ನ ಹೆಸರು ಇರುವುದು ಮದುವೆಯ ವಿಡಿಯೊ ಕ್ಯಾಸೆಟ್ಟಿನಲ್ಲಿ ಮಾತ್ರ, ಆ ಬಾಗಿಲ ಒಡಪಿನಲ್ಲಿ. ಅದನ್ನು ಒಮ್ಮೆ ಕೇಳಬೇಕು ಅಂತ ಹಟ ಹುಟ್ಟಿತು.

ಮೊದಲೇ ಎಷ್ಟೋ ಸಲ ಕೇಳಿರಬೇಕಲ್ಲ ಅಂತ ನೀವು ಕೇಳಬಹುದು. ಇಲ್ಲ. ಆಗ ಮದುವೆಗೆ ವಿಡಿಯೊ ತೆಗೆಸುವುದೇ ದೊಡ್ಡಸ್ತಿಕೆ, ಅದನ್ನು ನೋಡಬೇಕಾದರೆ ವಿಸಿಆರ್ ಬಾಡಿಗೆಗೆ ತರಬೇಕು. ತಂದ ದಿನ ಓಣಿಯೇ ಬಂದು ಕೂರುತ್ತಿತ್ತು. ಮುಂದಿನ ಸಾಲಿನಲ್ಲಿ ಮಾವ. ಸೊಸೆಯಾದವಳು ಮಾವನೆದುರು ಕೂತು ತನ್ನ ಮದುವೆ ತಾನೇ ನೋಡುವುದುಂಟೇ? ನಾನು ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಒಡಪಿನ ಜಾಗ ಬರುತ್ತಲೇ ನಾಚಿಕೆಯಾಗಿ ಒಲೆಯ ಹತ್ತಿರ ಹೋಗಿಬಿಡುತ್ತಿದ್ದೆ. ಹೊರಗೆ ಎಲ್ಲರೂ ನಗುವುದಷ್ಟೇ ಕೇಳಿಸುತ್ತಿತ್ತು. ಮದುವೆಯ ದಿನವೂ ಹಾಗೆಯೇ. ಉಪವಾಸ, ಬಾಸಿಂಗದ ಭಾರ, ಕಿವಿಯಲ್ಲಿ ಬ್ಯಾಂಡಿನ ಗದ್ದಲ. ನನ್ನ ಹೆಸರು ಕೇಳಿಸಿದ್ದು ನೆನಪಿದೆ, ಹೆಣ್ಣುಮಕ್ಕಳು ಗೊಳ್ಳೆಂದು ನಕ್ಕದ್ದು ನೆನಪಿದೆ. ಮಾತು ನೆನಪಿಲ್ಲ. ಅವರ ಅಕ್ಕಂದಿರನ್ನು ಕೇಳಿದರೆ ಅವರಿಗೆ ನೆನಪಿರುವುದು ತಾವು ಅಂದು ಉಟ್ಟ ಸೀರೆ.

ಕ್ಯಾಸೆಟ್ಟು ಎಲ್ಲಿದೆ ಅಂತ ಮನೆಯೆಲ್ಲ ಹುಡುಕಿದೆ. ಕಪಾಟು, ಪೆಟ್ಟಿಗೆ, ಅಟ್ಟ, ಅಂಗಡಿಯ ಹಿಂದಿನ ಕೋಣೆ. ಧೂಳು ಕುಡಿದು ಸೀನುತ್ತ ಕೂತಾಗ, ಗೋಡೆಗೆ ಒರಗಿ ಜಪದಲ್ಲಿದ್ದ ಅತ್ತೆ ಕೇಳಿದರು.

“ಏನ ಹುಡುಕಲಕತ್ತಿ, ಯೆಣೆಗೂರಾಕಿ? ಮುಂಜಾನಿಂದ ಡಬ್ಬಿ ಬಡೀಲಕತ್ತಿ.”

“ಮದವಿ ಕ್ಯಾಸೆಟ್ರಿ ಅತ್ತೀ.”

“ಅಷ್ಟೇ ಏನ? ಬೀಜದ ಗಡಗ್ಯಾಗ ಅದಲ್ಲ.”

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅತ್ತೆ ವಲಾಂಡಿಯ ಒಕ್ಕಲುತನದ ಮನೆಯವರು. ಬಟ್ಟೆ ವ್ಯಾಪಾರದ ಮನೆ ಸೇರಿ ಮುದುಕಿಯಾದರೂ ಬೀಜ ಕಾಯುವ ಬುದ್ಧಿ ಬಿಟ್ಟವರಲ್ಲ. ಕೆಲವು ವರ್ಷಗಳಿಂದ ಅವರಿಗೆ ಕಣ್ಣು ಕಾಣುವುದಿಲ್ಲ, ಬೆಳಕು ಕತ್ತಲು ಅಷ್ಟೇ ಗೊತ್ತಾಗುತ್ತದೆ. ಆದರೂ ನಮ್ಮ ಪಾಲಿನ ಹೊಲದ ತೊಗರಿ ಬಂದರೆ ಬಿತ್ತನೆಗೆ ಬೇಕಾದಷ್ಟನ್ನು ಕೈಯಿಂದ ಮುಟ್ಟಿ ಆರಿಸಿ, ಕುಳ್ಳಿನ ಬೂದಿ ಕಲಸಿ, ಬೇವಿನ ಎಲೆ ಹಾಸಿ ಗಡಿಗೆಗೆ ತುಂಬುತ್ತಾರೆ. ಬಾಯಿಗೆ ಬಟ್ಟೆ ಕಟ್ಟಿ ಮೇಲೆ ಸೆಗಣಿ ಮಣ್ಣು ಮೆತ್ತಿದರೆ ಮುಗಿಯಿತು, ಹುಳ ಹತ್ತುವುದಿಲ್ಲ.

“ಒಂದ ಮಳಿಗಾಲದಾಗ ಬಾಜೂ ಮನಿಯವರ ಕ್ಯಾಸೆಟ್ಟಿಗಿ ಬೂಸ್ರ ಬಂದಿತ್ತು. ಬೆಳ್ಳಗ, ರೊಟ್ಟಿಗಿ ಬಂದಂಗ,” ಅಂದರು ಅತ್ತೆ. “ನಮ್ಮ ಹುಡುಗನ ಮದವಿಗಿ ಹಂಗ ಆಗಬಾರದಂತ ಬೂದ್ಯಾಗ ಇಟ್ಟೀನಿ. ಬೂದ್ಯಾಗ ಇಟ್ಟದ್ದು ಕೆಟ್ಟದ್ದು ಎಂದಾರ ಕೇಳಿದಿ?”

“ಇಷ್ಟ ವರ್ಷ ಹೇಳಿಲ್ಲಲ್ರಿ?”

“ನೀ ಕೇಳಿಲ್ಲಲ್ಲ.”

ಅಟ್ಟದ ಮೂಲೆಯ ಗಡಿಗೆ ಇಳಿಸಿ ಮಣ್ಣು ಒಡೆದೆ. ಮೊಣಕೈವರೆಗೆ ಬೂದಿಯಲ್ಲಿ ಕೈ ಹಾಕಿದಾಗ ತಳದಲ್ಲಿ ಅಡ್ಡ ಮಲಗಿತ್ತು ಕ್ಯಾಸೆಟ್ಟು. ಡಬ್ಬಿ ಇಲ್ಲ, ಪ್ಲಾಸ್ಟಿಕ್ ಚೀಲ ಇಲ್ಲ. ಬೀಜಕ್ಕೆ ಗಾಳಿ ಬೇಕಲ್ಲ, ಇದಕ್ಕೂ ಬೇಕು ಅಂದುಕೊಂಡಿರಬೇಕು. ಮೇಲಿನ ಚೀಟಿಯಲ್ಲಿ ನಮ್ಮಿಬ್ಬರ ಹೆಸರು ಅಕ್ಕಪಕ್ಕ ಇದ್ದವು, ಇನ್ನೂ ಓದುವ ಹಾಗಿದ್ದವು. ಸೆರಗಿನಿಂದ ಒರೆಸಿದೆ. ಅತ್ತೆ ಅದನ್ನು ಕೈಗೆ ತೆಗೆದುಕೊಂಡು, ಬೀಜ ನೋಡಿದ ಹಾಗೆ ಬೆರಳಾಡಿಸಿ, ಮೂಸಿ ನೋಡಿ, ಛಲೋ ಅದ ಅಂದರು.

ಉಮರ್ಗಾದಲ್ಲಿರುವ ಮಗಳು ಅಲ್ಲಿಯ ಒಂದು ಅಂಗಡಿ ಗೊತ್ತುಮಾಡಿದಳು. ಹೋದರೆ, ಆ ಪುಣ್ಯಾತ್ಮ ಕ್ಯಾಸೆಟ್ಟನ್ನು ಟಿವಿಯಲ್ಲಿ ಹಚ್ಚಿ ಎದುರಿಗೆ ಫೋನ್ ಹಿಡಿದು ತೆಗೆಯುತ್ತೇನೆ ಅಂದ. ನಾನು ಕ್ಯಾಸೆಟ್ಟನ್ನು ಅವನ ಕೈಯಿಂದ ಕಸಿದುಕೊಂಡು ಬಂದೆ. ಬಟ್ಟೆ ಮಾರಿ ಬಾಳಿದವರು ನಾವು, ಅಸಲಿಗೂ ನಕಲಿಗೂ ಇರುವ ಅಂತರ ಯಾರೂ ಹೇಳಿಕೊಡಬೇಕಾಗಿಲ್ಲ. “ಅವ್ವಾ, ಏನಾರ ಬಂದ್ರ ಸಾಕಲ್ಲ,” ಅಂದಳು ಮಗಳು. ಏನಾದರೂ ಬಂದರೆ ಸಾಲದು, ಇದ್ದದ್ದು ಇದ್ದ ಹಾಗೆ ಬರಬೇಕು ಅಂದೆ. ಅವಳೂ ಅಪ್ಪನ ಹಾಗೆಯೇ, ಮಾತು ಬೆಳೆಸಲಿಲ್ಲ.

ಕೊನೆಗೆ ಉದಗೀರಿನಲ್ಲಿ ಸಿಕ್ಕರು ಒಬ್ಬರು. ಹಿಂದೆ ಮದುವೆಗಳಲ್ಲಿ ವಿಡಿಯೊ ತೆಗೆಯುತ್ತಿದ್ದವರು, ಈಗ ಹಳೆಯ ಕ್ಯಾಸೆಟ್ಟುಗಳನ್ನು ಡಿಸ್ಕಿಗೆ ಇಳಿಸಿಕೊಡುತ್ತಾರೆ. ಕ್ಯಾಸೆಟ್ಟಿನ ಮುಚ್ಚಳ ಎತ್ತಿ ಒಳಗೆ ದೀಪ ಹಿಡಿದವರೇ ತಲೆಯೆತ್ತಿ ನನ್ನ ಮುಖ ನೋಡಿದರು.

“ತಾಯೀ, ಇದರಾಗ ರಾಖ ಅದ. ಬೂದಿ!”

“ಹೌದ್ರಿ. ನಮ್ಮ ಅತ್ತಿಯವರು ಬೀಜದ ಗಡಗ್ಯಾಗ ಇಟ್ಟಿದ್ರು.”

ಅವರು ನಗಲಿಲ್ಲ. ಅದಕ್ಕೇ ಅವರ ಮೇಲೆ ನನಗೆ ವಿಶ್ವಾಸ ಬಂತು. ಹೀಗೇ ಓಡಿಸಿದರೆ ಬೂದಿ ಪಟ್ಟಿಯನ್ನು ಗೀರುತ್ತದೆ, ಮೊದಲು ಬಿಚ್ಚಿ ಕುಂಚದಿಂದ ಒರೆಸಿ, ಸುರುಳಿಯನ್ನು ಬೇರೆ ಕ್ಯಾಸೆಟ್ಟಿನ ಹೊಟ್ಟೆಗೆ ಹಾಕಬೇಕು ಅಂದರು. ಮಷಿನ್ನಿನ ಹೆಡ್ಡು ಒರೆಸಿ, ಒಳ್ಳೆಯ ವೈರು ಹಚ್ಚಿ, ಓಡಿಸುವುದು ಒಂದೇ ಸಲ. ಪದೇ ಪದೇ ಓಡಿಸುವ ಜೀವ ಇದಕ್ಕಿಲ್ಲ. ಎಲ್ಲವನ್ನೂ ಒಂದೇ ಡಿಸ್ಕಿನಲ್ಲಿ ತುರುಕಿದರೆ ಚಿತ್ರವನ್ನು ಅದುಮಬೇಕಾಗುತ್ತದೆ, ಆಗ ಮುಖಗಳು ಚೌಕ ಚೌಕವಾಗಿ ಒಡೆಯುತ್ತವೆ ಅಂದರು.

“ಎಷ್ಟ ಡಿಸ್ಕ ಬೇಕಾದ್ರೂ ಆಗಲಿ, ಅದುಮಬ್ಯಾಡ್ರಿ,” ಅಂದೆ. “ಮಾರಿ ಒಡೀಬಾರದು.”

ಡಿಸ್ಕೇ ಬೇಕು ಅಂದದ್ದಕ್ಕೂ ಕಾರಣ ಇತ್ತು. ಅತ್ತೆಗೆ ಪ್ರವಚನ ಕೇಳಿಸಲೆಂದು ನನ್ನ ಗಂಡ ತಂದಿಟ್ಟ ಡಿಸ್ಕ್ ಪ್ಲೇಯರು ಮನೆಯಲ್ಲಿ ಇನ್ನೂ ನಡೆಯುತ್ತದೆ.

ಕೆಲಸ ಆಯಿತೆಂದು ಫೋನ್ ಬಂದ ದಿನ ಮೊದಲ ಬಸ್ಸಿಗೆ ಉದಗೀರಿಗೆ ಹೋದೆ. ಅವರು ಡಿಸ್ಕುಗಳನ್ನು ಕೈಗೆ ಕೊಟ್ಟರು.

“ಚಿತ್ರ ಏಕದಮ್ ಸಾಫ್ ಬಂದಾದ್ರಿ ತಾಯೀ. ಇಷ್ಟ ಹಳೇ ಕ್ಯಾಸೆಟ್ಟಿನ್ಯಾಗ ಇಂಥಾ ಚಿತ್ರ ನಾ ನೋಡಿಲ್ಲ. ಪಣ ಆವಾಜ್...”

‘ಪಣ’ ಅಂದರೆ ಮರಾಠಿಯಲ್ಲಿ ‘ಆದರೆ’. ಚಿತ್ರ ಪಟ್ಟಿಯ ಮೈತುಂಬ ಇರುತ್ತದಂತೆ, ಸದ್ದು ಮಾತ್ರ ಒಂದು ಅಂಚಿಗೆ ಸಣ್ಣ ಗೆರೆಯಾಗಿ ಓಡುತ್ತದಂತೆ. ಗಡಿಗೆಯಲ್ಲಿ ಮಲಗಿದ ಕಡೆಯ ಅಂಚಿಗೆ ಬೂದಿ ಕೂತು, ಮಳೆಗಾಲದ ತಂಪಿಗೆ ಅಲ್ಲೇ ತಿಂದುಬಿಟ್ಟಿದೆ. ಹೆಚ್ಚು ಹೇಳುವುದೇ ಬೇಕಾಗಲಿಲ್ಲ. ಸೀರೆಯಲ್ಲೂ ಮೊದಲು ಹೋಗುವುದು ಅಂಚೇ.

“ಬೂದಿ ಹಾಕದಿದ್ರ ಉಳೀತಿತ್ತೇನ್ರಿ?”

“ಬೂದಿ ಹಾಕದಿದ್ರ ಬೂಸ್ರ ಹತ್ತಿ ಚಿತ್ರಾನೂ ಹೋಗ್ತಿತ್ತು. ಯಾವದಕ್ಕ ಬೈತೀರಿ?”

ಬಾಗಿಲಲ್ಲಿ ಒಡಪು ಹೇಳುವ ಜಾಗದಲ್ಲಿ ಸದ್ದು ಇದೆಯೇ ಅಂತ ಕೇಳಿದೆ. ಕೆಲವು ಕಡೆ ಇದೆ, ಕೆಲವು ಕಡೆ ಇಲ್ಲ, ಯಾವುದು ಎಲ್ಲಿ ಅಂತ ನೆನಪಿಲ್ಲ, ಬೇಕಾದರೆ ಇಲ್ಲೇ ಹಚ್ಚಿ ತೋರಿಸುತ್ತೇನೆ ಅಂದರು. ಬೇಡ ಅಂದೆ. ಪರರ ಅಂಗಡಿಯಲ್ಲಿ ನಿಂತು ಅಳುವ ಮನಸ್ಸಿರಲಿಲ್ಲ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆಗೆ ಅನ್ನಬೇಕಾದ ಮಾತುಗಳನ್ನು ಹೊಂದಿಸಿಕೊಂಡೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರಲ್ಲ, ನನ್ನ ಕಾಲ ಈಗ ಬಂತು ಅಂದುಕೊಂಡೆ. ಯಾರು ಹೇಳಿದ್ದರು ನಿಮಗೆ ಬೂದಿ ಹಾಕಲು? ಕ್ಯಾಸೆಟ್ಟನ್ನೇನು ಬಿತ್ತುವವರಿದ್ದಿರಾ? ಒಂದು ಮಾತು ಕೇಳದೆ, ಒಂದು ಮಾತು ಹೇಳದೆ ನನ್ನದನ್ನು ಒಯ್ದು ಹೂತಿಟ್ಟಿರಲ್ಲ! ನಾನು ಬಾಯಿಯ ಹೆಂಗಸು, ಮಾತಿಗೇನು ಬರವಿಲ್ಲ. ನಿಲಂಗಾ ಬರುವಷ್ಟರಲ್ಲಿ ಮಾತುಗಳು ಚೆನ್ನಾಗಿ ಹದಕ್ಕೆ ಬಂದಿದ್ದವು.

ಮನೆಗೆ ಬಂದು ನೋಡಿದರೆ ಅತ್ತೆ ಮತ್ತೊಮ್ಮೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಮಡಿಚಿಟ್ಟಿದ್ದ ಸೀರೆ ಉಟ್ಟು ಟಿವಿಯ ಮುಂದೆ ಕೂತಿದ್ದರು. ಮಗನ ಮದುವೆಗೆ ಬಂದು ಕೂತಿದ್ದರು ಅನ್ನಬೇಕು. ಮುಖ ಮಾತ್ರ ಟಿವಿಯ ಕಡೆ ಇರಲಿಲ್ಲ, ಸ್ವಲ್ಪ ಬಾಜೂಕೆ, ಗೋಡೆಯ ಕಡೆ ಇತ್ತು.

“ಉಳಿದದೇನ?” ಅಂತ ಕೇಳಿದರು.

“ಉಳಿದದ್ರಿ ಅತ್ತೀ.”

“ಬೂದಿ ಹಾಕಿದ್ದಕ್ಕೇ ಉಳೀತು, ಹೌದಿಲ್ಲೊ?”

ಬಸ್ಸಿನಲ್ಲಿ ಹೊಂದಿಸಿದ್ದು ಒಂದೂ ಬಾಯಿಗೆ ಬರಲಿಲ್ಲ. “ಹೌದ್ರಿ, ಅದಕ್ಕೇ ಉಳೀತು,” ಅಂದೆ. ಅದು ಸುಳ್ಳೂ ಆಗಿರಲಿಲ್ಲ.

ಅವರ ಪಕ್ಕ ಕೂತು ಡಿಸ್ಕ್ ಹಚ್ಚಿದೆ. ಚಿತ್ರ ನಿಜಕ್ಕೂ ಸಾಫಾಗಿತ್ತು. ಯೆಣೆಗೂರಿನ ಅಂಗಳ, ಹಂದರದ ಮಾವಿನ ತೋರಣ, ಅಪ್ಪನ ಹಳದಿ ರುಮಾಲು, ಅವ್ವನ ಕೈಯ ಹಸಿರು ಬಳೆ ಎಲ್ಲ ಎಣಿಸುವಷ್ಟು ನಿಚ್ಚಳ. ಸದ್ದು ಮಾತ್ರ ಬರುತ್ತಿತ್ತು, ಹೋಗುತ್ತಿತ್ತು. ಬ್ಯಾಂಡು ಪೂರ್ತಿ ಇತ್ತು. ಹೋಗಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಪಂಗತಿಯಲ್ಲಿ ಯಾರೋ ಉಪ್ಪಿನಕಾಯಿಗೆ ಕೂಗುವುದು ಸ್ಪಷ್ಟ ಕೇಳಿಸಿತು. “ಇದು ನಮ್ಮಣ್ಣ,” ಅಂತ ಅತ್ತೆ ಮುಂದಕ್ಕೆ ಬಾಗಿದರು. “ಸಾಯೂತನಕ ಅಂವಗ ಉಪ್ಪಿನಕಾಯಿ ಬೇಕಿತ್ತು.” ಸದ್ದು ಮುಳುಗಿದಾಗಲೆಲ್ಲ ಅವರು ನನ್ನ ತೊಡೆ ತಟ್ಟುತ್ತಿದ್ದರು, ನಾನು ನೋಡಿದ್ದನ್ನು ಹೇಳುತ್ತಿದ್ದೆ.

“ನಾ ಎಂಥಾ ಸೀರಿ ಉಟ್ಟೀನಿ?”

“ಹಸರದ್ರಿ. ಕೆಂಪ ದಡಿ.”

“ಅಂವಾ?”

“ನಗಲಕತ್ಯಾರ. ಬಾಸಿಂಗ ಜಾರಲಕತ್ಯಾದ, ಮತ್ತ ಮತ್ತ ಸರಿ ಮಾಡ್ಕೊಳ್ಲಕತ್ಯಾರ.”

ಆಮೇಲೆ ಬಾಗಿಲು ಬಂತು. ಇದೇ ಬಾಗಿಲು, ಆಗ ಬಣ್ಣ ಬೇರೆ. ಅಕ್ಕಂದಿರು ಅಡ್ಡ ನಿಂತಿದ್ದರು. ಮೊದಲು ನನ್ನ ಸರದಿ. ತಲೆ ತಗ್ಗಿಸಿದ ಒಂದು ಹುಡುಗಿ ಸಣ್ಣ ದನಿಯಲ್ಲಿ, ನಡುವೆ ಉಗುಳು ನುಂಗುತ್ತ, ಗಂಡನ ಹೆಸರು ಹೇಳಿದಳು. ಕೇಳಿಸಿತು. ಪೂರ್ತಿ ಕೇಳಿಸಿತು. ಮಗನ ಹೆಸರು ಕಿವಿಗೆ ಬಿದ್ದದ್ದೇ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ಅವರು ಹೋದ ಮೇಲೆ ಈ ಮನೆಯಲ್ಲಿ ಆ ಹೆಸರನ್ನೂ ಯಾರೂ ಹೇಳಿರಲಿಲ್ಲ.

“ಇನ್ನೊಮ್ಮಿ ಹಚ್ಚು,” ಅಂದರು.

ಹಚ್ಚಿದೆ. ಮತ್ತೆ ಕೇಳಿದರು, ಮತ್ತೆ ಹಚ್ಚಿದೆ. ನನಗೂ ಮುಂದೆ ಹೋಗಲು ಹೆದರಿಕೆ ಇತ್ತು.

ಕೊನೆಗೆ ಮುಂದಕ್ಕೆ ಓಡಲು ಬಿಟ್ಟೆ. ಅವರ ಸರದಿ. ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಆ ಕೆಮ್ಮು ಕೇಳಿಸಿತು, ಅವರದೇ ಕೆಮ್ಮು, ಅಂಗಡಿಯಿಂದ ಬಂದು ಮೆಟ್ಟಿಲು ಹತ್ತುವಾಗಿನದೇ. ಆಮೇಲೆ ಸದ್ದು ಮುಳುಗಿತು. ಮುಖ ಇತ್ತು, ಒಡೆದಿರಲಿಲ್ಲ, ಮೀಸೆಯ ಕೆಳಗೆ ತುಟಿ ಆಡುವುದು ಕಾಣುತ್ತಿತ್ತು. ದನಿ ಇರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾನು ಟಿವಿಯ ಸದ್ದು ಏರಿಸುತ್ತಲೇ ಇದ್ದೆ, ಬರೀ ಸುಂಯ್ ಅನ್ನುವುದು ಕೋಣೆ ತುಂಬಿತು.

“ಯಾಕ ಸುಮ್ಮನಾದ?” ಅಂದರು ಅತ್ತೆ.

“ಸುಮ್ಮನಾಗಿಲ್ರಿ, ಮಾತಾಡ್ಲಕತ್ಯಾರ. ನಮಗ ಕೇಳಸ್ತಿಲ್ಲ.”

ಅತ್ತೆ ಕೈಯನ್ನು ನನ್ನ ತೊಡೆಯಿಂದ ತೆಗೆದರು.

“ಬೂದಿ ಹೊಕ್ಕದೇನ?”

ಕಣ್ಣು ಹೋಗಿತ್ತೇ ಹೊರತು ಬುದ್ಧಿ ಹೋಗಿರಲಿಲ್ಲ ಅವರದು. “ಇಲ್ರಿ ಅತ್ತೀ,” ಅಂದೆ. “ಕ್ಯಾಮೆರಾದವ ಅಲ್ಲಿ ಮೈಕ ಬಂದ್ ಮಾಡಿದ್ದ ಕಾಣ್ತದ.” ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು, ಮುಖವನ್ನು ಸುಂಯ್ ಅನ್ನುವ ಸದ್ದಿನ ಕಡೆ, ಸರಿಯಾಗಿ ಟಿವಿಯ ಕಡೆ ತಿರುಗಿಸಿದರು.

“ಹಿಂದಕ ಹಾಕು. ಅಂವಾ ಬಾಯಿ ತೆಗದ ಕೂಡಲೇ ನನಗ ಹೇಳು.”

ಹಿಂದಕ್ಕೆ ಹಾಕಿದೆ. ಟಿವಿಯಲ್ಲಿ ಕೆಮ್ಮಿದರು. “ಈಗ್ರಿ,” ಅಂದೆ.

ಅತ್ತೆ ಹೇಳಿದರು.

“ಹೊಲದಾಗ ಬಿಳಿ ಜ್ವಾಳ, ಗಡಗ್ಯಾಗ ಕೆನಿ ಮೊಸರ,
ಬಾಗಲಾ ಬಿಡ್ರಿ ಅಕ್ಕಗೋಳ್ರಾ...”

ಆಮೇಲೆ ನನ್ನ ಹೆಸರು ಹೇಳಿದರು. ನಿಧಾನವಾಗಿ, ಪೂರ್ತಿಯಾಗಿ, ನನ್ನ ಅವ್ವ ಅನ್ನುತ್ತಿದ್ದ ಹಾಗೆಯೇ ಕೊನೆಯ ಅಕ್ಷರ ಎಳೆದು. “...ಅಂತ ಇಕಿ ಹೆಸರ.”

ಅತ್ತೆಗೆ ನನ್ನ ಹೆಸರು ಗೊತ್ತಿದೆ ಅನ್ನುವುದೇ ನನಗೆ ಮರೆತುಹೋಗಿತ್ತು. ನಾನು ಅತ್ತುಬಿಟ್ಟೆ. ಅತ್ತೆಯ ಮುಂದೆ ಅಷ್ಟು ಜೋರಾಗಿ ನಾನು ಎಂದೂ ಅತ್ತವಳಲ್ಲ, ಅವರ ಮಗನನ್ನು ಒಯ್ದ ದಿನ ಕೂಡ.

“ನಾನೇ ಕಲಿಸಿದ್ದು,” ಅಂದರು ಅವರು. “ಭಾಳ ನಾಚಿಗಿ ಅಂವಗ. ನಿಮ್ಮೂರಿಗಿ ಹೊಂಟ ದಿನ ಹಿತ್ತಲದಾಗ ನಿಂದ್ರಸಿ ಬಾಯಿಪಾಠ ಮಾಡಸೀನಿ. ಹೆಸರಿನ ಹತ್ರ ಬಂದ್ರ ನಿಂದರ್ತಿದ್ದ, ಮಾರಿ ಕೆಂಪಾಗ್ತಿತ್ತು.”

ಕಣ್ಣೊರೆಸಿಕೊಂಡು ಮತ್ತೆ ಹಿಂದಕ್ಕೆ ಹಾಕಿ ನೋಡಿದೆ. ಅತ್ತೆ ಹೇಳಿದ ಒಡಪು ಮುಗಿಯುವಷ್ಟು ಹೊತ್ತು ಕಳೆಯಿತು. ಟಿವಿಯಲ್ಲಿ ನನ್ನ ಗಂಡನ ತುಟಿ ಇನ್ನೂ ಆಡುತ್ತಿತ್ತು.

“ಅತ್ತೀ, ಇನ್ನೂ ಏನೋ ಅನ್ಲಕತ್ಯಾರ.”

“ನಾ ಕಲಿಸಿದ್ದು ಅಷ್ಟೇ.”

“ಇಲ್ರಿ, ಅಂತಾರ. ನಿಮ್ಮದು ಮುಗದ ಮ್ಯಾಲೂ ಅಂತಾರ.”

ಅವರು ಮುಂದಿದ್ದ ಅಕ್ಕಂದಿರಿಗಲ್ಲ, ಪಕ್ಕಕ್ಕೆ ತಿರುಗಿ, ತಲೆ ಬಗ್ಗಿಸಿ, ಯಾರೂ ಕಲಿಸದ ಏನೋ ಒಂದು ಮಾತು ಹೇಳಿದರು. ಸಣ್ಣ ಮಾತು. ಬಾಗಿಲಲ್ಲಿದ್ದವರೆಲ್ಲ ಸದ್ದಿಲ್ಲದೆ ನಕ್ಕರು, ಒಬ್ಬರ ಮೇಲೊಬ್ಬರು ಬೀಳುವಂತೆ ನಕ್ಕರು.

ಅತ್ತೆ ನನ್ನ ಕೈ ಹಿಡಿದರು. “ಆರತಿ ತಾಟ ತರಲಾಕ ನಾ ಒಳಗ ಹೋಗಿದ್ದೆ, ನಗೂದಷ್ಟ ಕೇಳಿಸ್ತು. ನೀ ಬಾಜೂಕೇ ನಿಂತಿದ್ದೆಲ್ಲ ಯವ್ವಾ. ಏನಂದಾ ಅಂವಾ?”

ಟಿವಿಯಲ್ಲಿ ಬಾಸಿಂಗ ಕಟ್ಟಿಕೊಂಡ ಆ ಹುಡುಗಿ ತಲೆ ಎತ್ತಿ ಅವರ ಮುಖ ನೋಡಿದಳು, ತುಟಿ ಕಚ್ಚಿಕೊಂಡು ನಕ್ಕಳು. ಅವಳಿಗೆ ಕೇಳಿಸಿತ್ತು. ಅವಳಿಗೆ ಹೇಳಿದ ಮಾತೇ ಅದು.

“ಏನಂದಾ?” ಅಂತ ಅತ್ತೆ ಮತ್ತೆ ಕೇಳಿದರು. ನಾನು ಹಿಂದಕ್ಕೆ ಹಾಕಿ ಅವರ ತುಟಿಯನ್ನೇ ನೋಡುತ್ತ ಕೂತೆ. ನನಗೆ ನೆನಪಾಗಲಿಲ್ಲ.